ಹಳೆಯ ಅಲೆಗಳ ಲೆಕ್ಕ

ಪರಮಪೂಜ್ಯರೂ ಪರಮಕೋಪಿಷ್ಠರೂ ಆದ ನನ್ನ ಗುರುಗಳು ಮೂರ್ತಿ ಸರ್ ಅವರಿಗೆ, ನಿಮ್ಮ ತಲೆಹರಟೆ ಶಿಷ್ಯ ರಿಜ್ವಾನ್ ಮಾಡುವ ಸಲಾಮು.

ಹೆಬ್ಬಾಳದ ಫ್ಲೈಓವರ್ ಕೆಳಗೆ ಮಳೆನೀರು ನಿಂತ ದಿನ ನಾನು ನಿಮ್ಮ ಮೇಜಿನ ಮೇಲಿಟ್ಟ ತುರ್ತು ನೋಟೀಸು ನೆನಪಿದೆಯೇ? 'ಕಡಲು ಕಚೇರಿಯ ಬಾಗಿಲಿಗೆ ಬಂದಿದೆ. ಕಟ್ಟಡಕ್ಕೆ ಕೂಡಲೇ ಲಂಗರು ಹಾಕತಕ್ಕದ್ದು.' ನೀವು ನಗಲಿಲ್ಲ. "ಅಲೆ ಎಷ್ಟೆತ್ತರ ಅಂತ ಬರ್ದೇ ಇಲ್ವಲ್ಲೋ. ತಗೊಂಡೋಗು, ಸರಿಯಾಗಿ ಬರ್ಕೊಂಡ್ ಬಾ," ಅಂದಿರಿ. ಸಮುದ್ರವೇ ಇಲ್ಲದ ಊರಿನಲ್ಲಿ ಕೂತು, ನಡುಗಡಲಿನಲ್ಲಿ ತೇಲುವ ತೈಲ ವೇದಿಕೆಗಳನ್ನು ಹಿಡಿದಿಡುವ ಸರಪಳಿಗಳ ಲೆಕ್ಕ ಹಾಕುವವರು ನಾವು. ತಮಾಷೆಗೂ ಅಳತೆ ಬೇಕಿತ್ತು ನಿಮಗೆ.

ನೀವು ಕಣ್ಮುಚ್ಚಿದ ಮೇಲೆ ನಿಮ್ಮ ಮೊದಲ ವೇದಿಕೆಯ ಕೆಲಸ ನನ್ನ ಪಾಲಿಗೆ ಬಂತು. ಇಪ್ಪತ್ತು ವರ್ಷ ಬಾಳಲಿ ಎಂದು ನೀವು ಕೊಟ್ಟ ಆಯುಸ್ಸು ಮುಗಿಯುತ್ತಾ ಬಂದಿದೆ. ಮಾಲೀಕರಿಗೆ ಇನ್ನೂ ಹತ್ತು ವರ್ಷ ಬೇಕಂತೆ. ನಿಮ್ಮ ಲೆಕ್ಕವನ್ನೇ ಮುಂದಕ್ಕೆಳೆದರೆ ಸಲೀಸಾಗಿ ಪಾಸು. ಆದರೆ ಈಚಿನ ವರ್ಷಗಳ ಅಲೆಗಳನ್ನು ಸೇರಿಸಿ ನೋಡಿದೆ... ಚಂಡಮಾರುತಗಳು ಬಲಿತಿವೆ. ನೀರು ಬೆಚ್ಚಗಾಗಿ ಉಕ್ಕಿಗೆ ಬೇಗ ತುಕ್ಕು, ಅದರ ಮೇಲೆ ಅಂಟಿ ಬೆಳೆಯುವ ಚಿಪ್ಪುಜೀವಿಗಳ ಹೊರೆ. ಹತ್ತು ವರ್ಷವೆಲ್ಲಿ, ಐದೇ ಕಷ್ಟ. ಮತ್ತೆ ಮತ್ತೆ ಲೆಕ್ಕ ಹಾಕಿದೆ. ಕೂತಲ್ಲಿ ಕೂರಲಾಗಲಿಲ್ಲ. ಬಸ್ಸಿನಲ್ಲಿ ನಾನಿಳಿಯಬೇಕಾದ ಆರ್.ಟಿ. ನಗರ ದಾಟಿದ್ದೇ ತಿಳಿಯಲಿಲ್ಲ. ಆ ವೇದಿಕೆಯ ಮೇಲೆ ಜನ ಮಲಗುತ್ತಾರಲ್ಲವೇ ಸರ್? ಸರಪಳಿ ತುಂಡಾದರೆ...

ನಮ್ಮ ಮ್ಯಾನೇಜರ್ ಸುಮಾ ಮೇಡಂ ಹುಬ್ಬೇರಿಸಿದರು. "ಏನಪ್ಪಾ, ಸರ್ ಲೆಕ್ಕಾನೇ ತಪ್ಪು ಅಂತೀಯಾ? ಅವರಿದ್ದಿದ್ರೆ ನಿನ್ ಕಿವಿ ಹಿಂಡೋರು."

"ಲೆಕ್ಕ ಸರಿಯಾಗೇ ಇದೆ ಮೇಡಂ. ಸಮುದ್ರಾನೇ ಮಾತು ಬದಲಾಯಿಸ್ಬಿಟ್ಟಿದೆ."

"ಹಂಗಾದ್ರೆ ಅದಕ್ಕೊಂದು ಮೆಮೋ ಕೊಟ್ ಬಾ, ಹೋಗು."

ನಕ್ಕರೇ ಹೊರತು ಬೇಡ ಎನ್ನಲಿಲ್ಲ. ನಿಮ್ಮ ಲೆಕ್ಕದ ಮೇಲೆ ಕೆಂಪು ಗೆರೆ ಎಳೆಯಲು ನನಗೆ ಕೈ ಬರಲಿಲ್ಲ. ಬಾರದಿದ್ದರೂ ಎಳೆದೆ. ಸಿಟ್ಟಾದಿರಾ? ನೀವಿದ್ದಿದ್ದರೆ ನೀವೇ ಎಳೆಯುತ್ತಿದ್ದಿರಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿರುತ್ತೇನೆ. ಹೌದು ತಾನೇ?

ಈಗ ಸುದ್ದಿ. ಮಾಲೀಕರು ಒಪ್ಪಿದ್ದಾರೆ. ಮಳೆಗಾಲ ಕಳೆದ ಕೂಡಲೇ ನಿಮ್ಮ ಸರಪಳಿಗಳನ್ನು ಬಿಚ್ಚಿ, ಇನ್ನೂ ದಪ್ಪನೆಯವನ್ನು ಹಾಕುತ್ತಾರೆ. ಅಲ್ಲಿಯವರೆಗೆ ಒಂದು ಮೋಡ ಕಂಡರೂ ನಾನು ಹವಾಮಾನ ವರದಿ ತೆಗೆದು ಕೂರುತ್ತೇನೆ. ಹೊಸ ಲೆಕ್ಕ ನನ್ನದು. ಅದರ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೇನೆ: 'ಮುಂದೆ ಬರುವವರೇ, ಇದನ್ನೂ ನಂಬಬೇಡಿ. ನಿಮ್ಮ ಕಾಲದ ಸಮುದ್ರವನ್ನು ನೀವೇ ಅಳೆಯಿರಿ.'

"ಇದರಲ್ಲೂ ನಿನ್ ತಮಾಷೇನಾ? ತೆಗಿಯೋ," ಅಂದರು ಮೇಡಂ.

ತಮಾಷೆಯಲ್ಲ ಸರ್. ತೆಗೆದಿಲ್ಲ.