ನಿಂತ ಟ್ರೇಲರ್ ಮತ್ತು ದೇಸಾಯಿಯ ನಗು

ನವೆಂಬರ್ 18, ಬೆಳಿಗ್ಗೆ 8

ಮತ್ತೆ ಅಂಬಲಿ. ಮತ್ತೆ ಸ್ಟ್ರಾ. ಹೆಂಡತಿ ಸಾಯಿರಾಬಿ ಬಟ್ಟೆಯಲ್ಲಿ ಸೋಸಿಯೇ ಕೊಟ್ಟಿದ್ದಳು. ಆದರೂ ಒಂದು ನುಚ್ಚು ಉಳಿದು ಸ್ಟ್ರಾದಲ್ಲಿ ಸಿಕ್ಕಿಕೊಂಡಿತು. ನಾಟಕದಲ್ಲಿ ಹುಲಿಕೊಪ್ಪದ ದೇಸಾಯಿಯಾಗಿ ರಂಗವನ್ನೇ ನಡುಗಿಸಿದ ಈ ಕಾಸೀಮಸಾಬ, ಇಂದು ಒಂದು ನುಚ್ಚಿನೆದುರು ಸೋತು ಕೂತ!

ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದಿದ್ದಾರೆ. ದವಡೆ ಎರಡೂ ಕಡೆ ಮುರಿದಿದೆ. ಹಲ್ಲು ಕಚ್ಚಿಕೊಂಡೇ ಪಿಸುಗುಡಬಹುದಂತೆ. ಪಿಸುಗುಡುವುದು ನನ್ನ ಜಾತಕದಲ್ಲೇ ಇಲ್ಲ. ಬರೆಯುತ್ತೇನೆ. ಗಂಟಲಲ್ಲಿ ನಿಂತ ಸಿಡಿಲು ಎಲ್ಲಾದರೂ ಬೀಳಬೇಕಲ್ಲ…

ನವೆಂಬರ್ 19, ಸಂಜೆ

ಮೊಮ್ಮಗಳು ಫರೀನ ಅರಭಾವಿಯ ಕಾಲೇಜಿನಿಂದ ಬಂದವಳೇ ಮೊಬೈಲ್ ಹಿಡಿದು ಮಗ್ಗುಲಲ್ಲಿ ಕೂತಳು. ಜಪಾನಿನ ಕಾರ್ಟೂನು — ಅನಿಮೆ ಅಂತೆ. ಹುಡುಗನಿಗೆ ಲಾರಿ ಬಡಿಯುತ್ತದೆ. ಕಣ್ಣು ಬಿಟ್ಟರೆ ಬೇರೆಯೇ ಲೋಕ. ಅಂಗೈಯಲ್ಲಿ ಬೆಂಕಿ, ಎದುರಿಗೆ ರಾಜಕುಮಾರಿ.

“ಇಂಥಾವು ಭಾಳ ಅದಾವ ದಾದಾ. ಲಾರಿ ಬಡೀತಂದ್ರ ಶಕ್ತಿ ಬಂತಂತನ ತಿಳೀರಿ. ನಿಮ್ಗೇನ್ ಬಂತು?”

ಬರೆದು ತೋರಿಸಿದೆ: ಅಂಬಲಿ.

ಒಳಗಿನಿಂದ ಸಾಯಿರಾಬಿ: “ಇವರಿಗೆಲ್ಲಿ ಲಾರಿ ಬಡೀತವ್ವಾ? ನಿಂತ ಟ್ರೇಲರಿಗೆ ಇವರ ಹೋಗಿ ಬಡದಾರ!”

ಖರೆ. ಯಮಕನಮರಡಿಯಲ್ಲಿ ತಾಲೀಮು ಮುಗಿಸಿ ಬರುತ್ತಿದ್ದೆ. ಮೊಪೆಡ್ ಮೇಲೂ ದೇಸಾಯಿಯ ಮಾತೇ. ‘ಎಲೈ ಆಕಾಶವೇ, ಬಾಗು!’ ಎಂಬಲ್ಲಿ ಕೈ ಎತ್ತಲೇಬೇಕು, ಎತ್ತದಿದ್ದರೆ ಮಾತು ಏಳುವುದಿಲ್ಲ. ಬಲಗೈಯಲ್ಲಿ ಎಕ್ಸಿಲೇಟರ್ ಇತ್ತು, ಎಡಗೈ ಎತ್ತಿದೆ. ಮುಖವನ್ನೂ ಎತ್ತಿದೆ. ಕಬ್ಬಿನ ಟ್ರೇಲರ್ ರಸ್ತೆಯ ಅಂಚಿಗೆ ನಿಂತಿತ್ತು. ಡ್ರೈವರ್ ಚಹಾ ಕುಡಿಯಲು ಹೋಗಿದ್ದ. ಆಕಾಶ ಬಾಗಲಿಲ್ಲ.

ಡಿಸೆಂಬರ್ 2

ನಮ್ಮ ಹಾರ್ಮೋನಿಯಂ ಮಾಸ್ತರ ಶಿವಾನಂದ ಬಂದಿದ್ದರು. ನಾಟಕ ಕಟ್ಟುವವರೂ ಅವರೇ, ಪಾತ್ರ ಹಂಚುವವರೂ ಅವರೇ. ಜನವರಿ 11ಕ್ಕೆ ದಡ್ಡಿಯಲ್ಲಿ ಆಟ. ದೇಸಾಯಿಯ ಪಾತ್ರಕ್ಕೆ ಸದ್ಯಕ್ಕೆ ಉದ್ದಪ್ಪ. ಉದ್ದಪ್ಪ! ರಂಗದ ಮೇಲೆ ನನ್ನೆದುರು ಕಂದೀಲು ಹಿಡಿದು ‘ಆಗಲಿ ಧಣೇರ’ ಎನ್ನುವ ಆಳಿನ ಪಾತ್ರದವನು!

“ಸಿಟ್ಟ ಮಾಡಬ್ಯಾಡ್ರಿ ಕಾಸೀಮಣ್ಣಾ. ದೇಸಾಯಿ ಅಂದ್ರ ಆ ನಗು. ಆಟಕ್ಕ ಎರಡ ದಿನ ಮೊದಲ ನನ್ನ ಮುಂದ ಬಂದು ಒಮ್ಮೆ ನಕ್ಕಬಿಡ್ರಿ, ಪಾತ್ರ ನಿಮ್ದ. ಇಲ್ಲಂದ್ರ ಅವಂದು.”

ಒಂದು ನಗು. ಅಷ್ಟೇ. ಅದು ಹೋದರೆ ನಾನು ಯಾರು? ಗೋಕಾಕದ ನಮ್ಮ ಓಣಿಯ ಮಕ್ಕಳು ‘ದೇಸಾಯಿ ಬಂದ’ ಎಂದೇ ಓಡುತ್ತವೆ. ಕಾಸೀಮಸಾಬ ಎಂಬವನ ಪರಿಚಯ ನನಗೇ ಅಷ್ಟಾಗಿ ಇಲ್ಲ.

ಡಿಸೆಂಬರ್ 20

ತಂತಿ ಬಿಚ್ಚಿದರು. ಮೊದಲ ಮಾತು ಏನಿರಬೇಕೆಂದು ವಾರಗಟ್ಟಲೆ ಯೋಚಿಸಿ ಇಟ್ಟಿದ್ದೆ. ಗೋಡೆ ನಡುಗುವಂಥದ್ದು. ಹೊರಗೆ ಬರುವಾಗ ಕೌಂಟರಿನ ಹುಡುಗಿ ತಲೆ ಎತ್ತದೆ “ಹೆಸರು?” ಎಂದಳು.

“ಕಾಸೀಮಸಾಬ.”

“ಜೋರ್ ಹೇಳ್ರಿ ಅಜ್ಜಾರ, ಕೇಳಸವಲ್ದು.”

ಬಾಯಿ ಒಂದು ಬೆರಳಷ್ಟೇ ತೆರೆಯುತ್ತದೆ. ಡಾಕ್ಟರು ಐಸ್‌ಕ್ಯಾಂಡಿ ಕಡ್ಡಿಗಳನ್ನು ಕೊಟ್ಟರು. ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಡಬೇಕು. ಸಡಿಲಾದಂತೆ ಒಂದೊಂದೇ ಹೆಚ್ಚಿಸಬೇಕು. ಮೂರು ಬೆರಳು ಹಿಡಿದರೆ ಗುಣ.

“ಯಾವಾಗ?” ಎಂದೆ.

“ಕೆಲವರಿಗೆ ಪೂರ್ತಿ ಬರೂದುಲ್ರಿ,” ಎಂದು ಮುಂದಿನವರನ್ನು ಕರೆದರು.

ಡಿಸೆಂಬರ್ 22

ಫರೀನಳಿಗೆ ಹಿಗ್ಗೋ ಹಿಗ್ಗು. “ಇದ ಟ್ರೇನಿಂಗ್ ದಾದಾ! ಸೋತ ಹೀರೋ ಜಲಪಾತದ ಕೆಳಗ ನಿಂದರ್ತಾನ. ಒಂದ ಹಾಡ ಮುಗಿಯೂದ್ರಾಗ ಶಕ್ತಿ ಬಂದಿರ್ತೈತಿ.”

ಸಾಯಿರಾಬಿ: “ಫಾಲ್ಸಿನ್ಯಾಗ ಈಗ ನೀರ ಇಲ್ಲ. ಬಚ್ಚಲದಾಗ ನಿಂದರಸು.”

ನನ್ನ ಟ್ರೇನಿಂಗು: ಕಡ್ಡಿ, ಜೊಲ್ಲು, ಟವೆಲ್ಲು. ಯಾವ ಹಾಡೂ ಇಲ್ಲ. ಒಂದು ಕಡ್ಡಿ ಹೆಚ್ಚಿಸಿದರೆ ಕಿವಿಯ ತನಕ ಕಿಚ್ಚು.

ಡಿಸೆಂಬರ್ 29

ಉದ್ದಪ್ಪ ಬಂದ. ವೈರಿ ಮನೆಯ ಹೊಸ್ತಿಲಿಗೇ! ಎದೆ ಸೆಟೆಸಿ ಕೂತೆ. ಅವನ ಕೈಯಲ್ಲಿ ಬಾಳೆಹಣ್ಣು.

“ಕಾಕಾ, ಕಾಲ ಬೀಳ್ತೇನಿ, ಲಗೂ ಆರಾಮ ಆಗ್ರಿ. ನಗಾಕ ಹೋದ್ರ ನನಗ ಕೆಮ್ಮ ಬರ್ತೈತಿ. ನನಗ ಕಂದೀಲ ಸಾಕ್ರಿ.”

ಇಂಥ ವೈರಿಯನ್ನು ಏನು ಮಾಡಲಿ? ಬಾಳೆಹಣ್ಣು ತಿಂದೆ. ಕಿವುಚಿ.

ಜನವರಿ 9

ಯಮಕನಮರಡಿಗೆ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಫರೀನ ಧೈರ್ಯ ಹೇಳಿದಳು. ಎಲ್ಲ ಮುಗಿಯಿತು ಎನ್ನುವಾಗಲೇ ಹೀರೋನ ಒಳಗಿನದು ಸ್ಫೋಟಿಸುತ್ತದಂತೆ.

ಎಲ್ಲ ಮುಗಿಯಿತು ಎನ್ನುವಂತೆಯೇ ಮಾಸ್ತರರ ಮುಂದೆ ನಿಂತೆ. ಹೊಕ್ಕಳಿನಿಂದ ಉಸಿರೆಳೆದೆ. ಕೈ ಎತ್ತಿದೆ. ಬಂದದ್ದು — ಕುಕ್ಕರ್ ಕೂಗುವ ಮುಂಚಿನ ಸುಸ್ಸ್.

ಮತ್ತೊಮ್ಮೆ. ಸುಸ್ಸ್.

ಯಾರೂ ನಗಲಿಲ್ಲ. ಯಾರಾದರೂ ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಉದ್ದಪ್ಪ ನೆಲ ನೋಡುತ್ತಿದ್ದ. ಮಾಸ್ತರರು ಹಾರ್ಮೋನಿಯಮ್ಮಿನ ಸ್ವರದ ಮನೆ ಒತ್ತದೆ ಬರೀ ಗಾಳಿ ಹಾಕುತ್ತ ಕೂತರು. ಆಮೇಲೆ ಫರೀನ ಅವರನ್ನು ಬದಿಗೆ ಕರೆದು ಮೊಬೈಲಿನಲ್ಲಿ ಏನೋ ಕೇಳಿಸಿದಳು. ಏನೆಂದು ನಾನು ಕೇಳಲಿಲ್ಲ.

ಜನವರಿ 12

ನಿನ್ನೆ ಫರೀನಳ ಜೊತೆ ದಡ್ಡಿಗೆ ಹೋದೆ. ಮಫ್ಲರ್ ಸುತ್ತಿಕೊಂಡು ಜನರ ನಡುವೆ ಕೂತೆ. ಉದ್ದಪ್ಪ ನನ್ನ ರುಮಾಲು ಕಟ್ಟಿ ಬಂದ. ಬಾಯಿ ತೆಗೆದ.

ನನ್ನ ನಗು!

ಹೋದ ವರ್ಷ ಮೂಡಲಗಿಯ ಆಟದಲ್ಲಿ ಫರೀನ ಮೊಬೈಲಿನಲ್ಲಿ ಹಿಡಿದಿಟ್ಟದ್ದು. ಆ ನಗು ಎರಡೂ ಸ್ಪೀಕರಿನಿಂದ ಗುಡುಗಿತು. ಜನ ಸಿಳ್ಳೆ ಹೊಡೆದರು. ನನ್ನ ಮೈಯೂ ಝುಮ್ಮೆಂದಿತು — ಸುಳ್ಳೇಕೆ ಬರೆಯಲಿ. ಬಾಜೂದವನು ನನ್ನ ತೊಡೆ ತಟ್ಟಿದ. “ಏನ್ ನಗ್ತಾನ್ರಿ ಮಗಾ! ಹಿಂದಿನಾಂವ ಇವನ ಮುಂದ ಏನೂ ಅಲ್ಲ ಬಿಡ್ರಿ.”

“ಅದು ನಂದು,” ಎಂದೆ.

“ಆಂ? ಕೇಳಸ್ಲಿಲ್ರಿ,” ಎಂದವನು ರಂಗದ ಕಡೆಗೆ ತಿರುಗಿಕೊಂಡ.

ಬರುವಾಗ ಫರೀನ ಮೆಲ್ಲಗೆ ಕೇಳಿದಳು: “ದಾದಾ, ತಪ್ಪ ಮಾಡಿದ್ನೇನು? ಆ ನಗು ಇಲ್ದ ಆಟ ನೋಡಾಕ ನಿಮ್ಗ ಆಗೂದುಲ್ಲ ಅಂತ…”

ಜನವರಿ 19, ಮುಂಜಾನೆ

ಮಾಸ್ತರರ ಫೋನು. ಬರುವ ತಿಂಗಳು ಹುಕ್ಕೇರಿಯಲ್ಲಿ ಆಟವಂತೆ. “ಉಳಿದ ಮಾತ ಮೈಕ್ ಎಳಕೋತೈತ್ರಿ. ನಗೂಮುಂದ ಮೊಬೈಲ್ ಹಚ್ಚೂಣು. ನಿಮ್ಮ ನಗುವಿಗೆ ನೀವ ಬಾಯಿ ತಗದ ನಿಂದರ್ರಿ. ಉದ್ದಪ್ಪನೂ ಹಂಗ ಅಂತಾನ.”

ಫರೀನಳ ಮೊಬೈಲ್ ಇಸಿದುಕೊಂಡೆ. ಕನ್ನಡಿಯ ಮುಂದೆ ನಿಂತೆ. ಒತ್ತಿದೆ. ನಗು ಎದ್ದಿತು. ಬಾಯಿ ತೆಗೆದೆ.

ಹೊಂದಲಿಲ್ಲ. ನಗು ಮೂರು ಬೆರಳಿನದು, ಬಾಯಿ ಒಂದೂವರೆ ಬೆರಳಿನದು. ಯಾರದೋ ನಗುವನ್ನು ಕದ್ದು ತಂದವನ ಹಾಗೆ ಕಾಣುತ್ತೇನೆ. ಉದ್ದಪ್ಪನ ಬಾಯಿಗೇ ಚೆನ್ನಾಗಿ ಹೊಂದಿತ್ತು.

ಮತ್ತೆ ಒತ್ತಿದೆ. ಮತ್ತೆ. ಇನ್ನೊಂದು ಕಡ್ಡಿ ತುರುಕಿದೆ. ಒಳಗೆ ಏನೋ ಚಟ್ ಎಂದಿತು. ಕಣ್ಣಲ್ಲಿ ನೀರು.

ಸಾಯಿರಾಬಿ ಬಾಗಿಲಲ್ಲಿ ನಿಂತಿದ್ದಾಳೆ. “ಸಾಕ್ ಮಾಡ್ರಿ… ಮತ್ತ ಮುರದೀತು.”

ಇನ್ನೊಂದೇ ಸಲ ಎಂದು ಬೆರಳು ತೋರಿಸಿದೆ. ಪೆನ್ನು ಕೆಳಗಿಟ್ಟು ಒತ್ತುತ್ತೇನೆ. ಈ ಸಲ ನಗು ಏಳುವ ಮೊದಲೇ ಬಾಯಿ ತೆಗೆದು ನಿಲ್ಲುತ್ತೇನೆ.