ಅಕ್ಕನ ಮೇಣದ ಕೈ

ಮೇಣದ ಮ್ಯೂಸಿಯಂ, ಹಿಂಬದಿಯ ಕೋಣೆ
ಸೋಮವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

“ಅವಳ ಕೈ ನೋಡೇ, ಬೆಣ್ಣೆ. ನಿನ್ನದೂ ಇದೆ...” ಅಂತ ಅಮ್ಮ ಇಲ್ಲಿರುವ ನಿನ್ನ ಮೇಣದ ಪ್ರತಿಮೆ ತೋರಿಸಿ ಅಂದದ್ದು ಕಿವಿಯಲ್ಲೇ ಇದೆ. ಆಮೇಲೆ ಉಪ್ಪುಕಾಗದ ಅಂದಳೋ, ಮರದ ತೊಗಟೆ ಅಂದಳೋ, ನೆನಪಾಗುತ್ತಿಲ್ಲ. ಇರಲಿ, ಮೊದಲು ನಿನ್ನ ಕ್ಷೇಮ ಕೇಳಬೇಕಿತ್ತು. ಗಂಟಲು ಹೇಗಿದೆ? ಹೋದ ಕಾರ್ಯಕ್ರಮದಲ್ಲಿ ನಿನ್ನ ಸ್ವರ ಒಡೆಯಿತೆಂದು ಪತ್ರಿಕೆಯಲ್ಲಿ ಓದಿದೆ. ಎರಡು ಸಲ ಓದಿದೆ. ಬಿಸಿನೀರು ಕುಡಿ. ಅಮ್ಮನ ಮಂಡಿನೋವು ಹಾಗೇ ಇದೆ. ಮೆಟ್ಟಿಲು ಹತ್ತಲು ನನ್ನ ಹೆಗಲು ಬೇಕು, ನಿನ್ನ ಪ್ರತಿಮೆ ಕಂಡ ಕೂಡಲೇ ಬೇಡ.

ಸೋಮವಾರ ನಮ್ಮಲ್ಲಿ ಪ್ರವಾಸಿಗರಿಗೆ ಬಾಗಿಲಿಲ್ಲ. ಪ್ರತಿಮೆಗಳ ಮುಖ ಒರೆಸಿ, ತಲೆ ಬಾಚಿ, ಬಣ್ಣ ಮಾಸಿದಲ್ಲಿ ಸರಿಪಡಿಸುವ ದಿನ. ಅಮ್ಮನೂ ನನ್ನ ಜೊತೆ ಬರುತ್ತಾಳೆ. ಉಳಿದ ದಿನ ಬಸ್ಸುಗಟ್ಟಲೆ ಜನ ಇಳಿದು ರಾಜರನ್ನೂ ಆಟಗಾರರನ್ನೂ ದಾಟಿ ಬಂದು ನಿನ್ನ ಹೆಗಲ ಮೇಲೆ ಕೈಹಾಕಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅವರು ಹೋದ ಮೇಲೆ ನಿನ್ನ ಕೆನ್ನೆಯ ಬೆರಳಚ್ಚು ಅಳಿಸುವವಳು ನಾನು. ಆ ತಲೆಗೆ ಸೂಜಿಯಿಂದ ಒಂದೊಂದೇ ಕೂದಲು ನೆಟ್ಟವಳೂ ನಾನೇ. ಚಿಕ್ಕಂದಿನಲ್ಲಿ ನಿನ್ನ ಜಡೆಗೆ ಕೈಹಾಕಿದರೆ ಅಮ್ಮ ಕಣ್ಣು ಬಿಡುತ್ತಿದ್ದಳು; ಇಲ್ಲಿ ನಿನ್ನ ತಲೆಗೆ ಚುಚ್ಚಿದ್ದಕ್ಕೆ ಸಂಬಳ ಕೊಟ್ಟರು.

ನೀನು ಅಳತೆ ಕೊಡಲು ಬಂದ ದಿನ, ಕೈಯ ಅಚ್ಚಿಗೆ ತುಸು ಹೊತ್ತು ಅಲ್ಲಾಡದೆ ಕೂರಬೇಕು ಎಂದು ಶಿಲ್ಪಿ ಹೇಳಿದರು. ನೀನು ಗಡಿಯಾರ ನೋಡಿಕೊಂಡೆ. “ವಿಮಾನಕ್ಕೆ ಹೊತ್ತಾಯ್ತು, ಇವಳ ಕೈ ತಗೊಳ್ಳಿ. ತಂಗಿ ತಾನೇ!” ಎಂದು ಹೊರಟೇಬಿಟ್ಟೆ. ಬಹುಶಃ ಮರೆತಿರುತ್ತೀ. ಅಲ್ಲಿ ನಿಂತಿರುವುದು ಮುಂಗೈವರೆಗೆ ನೀನು, ಆಮೇಲೆ ನಾನು. ಅಮ್ಮನಿಗೆ ಇದು ಗೊತ್ತಿಲ್ಲ. ಅವಳು ಕೇಳಲಿಲ್ಲ.

ಈ ಬೆಳಿಗ್ಗೆ ಅವಳು ಸ್ಟೂಲಿನ ಮೇಲೆ ಕುಳಿತು, ಪ್ರತಿಮೆಯ ಚಾಚಿದ ಕೈಯನ್ನು ಹಿಡಿದು, ಸೊಟ್ಟಗಿರುವ ಕಿರುಬೆರಳನ್ನು ನೇವರಿಸುತ್ತಿದ್ದಳು. “ಬಾಗಿಲಿಗೆ ಸಿಕ್ಕಿದ ಬೆರಳು ಕಣೇ ಇದು. ಎಷ್ಟು ಅತ್ತಿತ್ತು ಕೂಸು! ಬೆಳಗಾಗೋವರೆಗೂ ಎತ್ಕೊಂಡು ತಿರುಗಿದ್ದೆ.”

ಬಾಗಿಲಿಗೆ ಸಿಕ್ಕಿದ್ದು ನನ್ನ ಬೆರಳು. ಬಾಗಿಲು ತಳ್ಳಿದವಳು ನೀನು. ಅಮ್ಮ ಎತ್ತಿಕೊಂಡು ತಿರುಗಿದ್ದು ನನಗೆ ನೆನಪಿಲ್ಲ, ಅವಳು ಅದನ್ನೂ ನಿನ್ನ ಲೆಕ್ಕಕ್ಕೇ ಸೇರಿಸಿಬಿಟ್ಟಿದ್ದಾಳೆ. ನಾನು ಪಕ್ಕದಲ್ಲೇ ಬ್ರಷ್ಷು ಹಿಡಿದು ನಿಂತಿದ್ದೆ. ಹೊಟ್ಟೆಕಿಚ್ಚು ಪಡಲು ನಿನ್ನ ಮನೆ, ಹೆಸರು, ಚಪ್ಪಾಳೆ ಎಲ್ಲ ಇದ್ದವು, ಹೇಗೋ ಸುಧಾರಿಸಿಕೊಂಡಿದ್ದೆ. ನನ್ನದೇ ಕೈಯನ್ನು ಕಂಡು ಹೊಟ್ಟೆ ಉರಿಯುವುದನ್ನು ಮಾತ್ರ ಹೇಗೆ ಸುಧಾರಿಸಿಕೊಳ್ಳುವುದೋ ತಿಳಿಯುತ್ತಿಲ್ಲ.

ಭಾವನಿಗೆ ನಮಸ್ಕಾರ ಹೇಳು. ಅಮ್ಮನ ಆಶೀರ್ವಾದವಂತೂ ನಿನಗೆ ಇದ್ದೇ ಇದೆ.

ನಿನ್ನ ತಂಗಿ

ಮರೆತಿದ್ದೆ: ತಿಂಗಳ ಕೊನೆಗೆ ನಿನ್ನ ಪ್ರತಿಮೆಯನ್ನು ತೆಗೆಯುತ್ತಾರೆ, ಆ ಜಾಗಕ್ಕೆ ಹೊಸ ಗಾಯಕಿ ಬರುತ್ತಾಳೆ. ಕರಗಿಸುವ ಮೊದಲು ಮನೆಯವರು ಒಂದನ್ನು ಒಯ್ಯಬಹುದಂತೆ, ತಲೆಯನ್ನು ಅಥವಾ ಕೈಗಳನ್ನು. ಯಾವುದು ಬೇಕೆಂದು ಸಂಜೆ ಅಮ್ಮನನ್ನು ಕೇಳಬೇಕು. ಕೇಳುವ ಮೊದಲು, ಕೈ ಯಾರದೆಂದು ಹೇಳಿಬಿಡುತ್ತೇನೆ. ಹೇಳಿದ ಮೇಲೆ ಅವಳು ಯಾವುದು ಬೇಕೆನ್ನುತ್ತಾಳೆ ಅಂತ ನಿನಗನ್ನಿಸುತ್ತದೆ, ಅಕ್ಕಾ?