ಇಸ್ತ್ರಿ ಪೆಟ್ಟಿಗೆ ವಾಪಸ್ ತಾ

ಮಗಳೇ,

ವಾರಕ್ಕೊಮ್ಮೆಯ ಮೂಳೆ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಬರಿ ನೀರಿನಲ್ಲೇ ನುಂಗಿದ್ದೇನೆ. ಇನ್ನು ಅರ್ಧ ಗಂಟೆ ಏನೂ ತಿನ್ನದೆ, ಮಲಗದೆ ನೆಟ್ಟಗೆ ಕೂತಿರಬೇಕು. ಪ್ರತಿ ವಾರ ಸರಿಯಾಗಿ ಇದೇ ಹೊತ್ತಿಗೆ ಫೋನ್ ಮಾಡಿ, "ಅಮ್ಮಾ, ಹಾಲು ಕುಡಿದ್ಯಾ, ಮೊಟ್ಟೆ ತಿಂದ್ಯಾ" ಅಂತ ಪ್ರಾಣ ತಿನ್ನುತ್ತೀಯ. ಅದಕ್ಕೇ ಫೋನ್ ಆಫ್ ಮಾಡಿ ಬರೆಯುತ್ತಿದ್ದೇನೆ. ಮೂಳೆ ಸವೆದಿರುವುದು ನನ್ನದು, ತಲೆ ಕೆಟ್ಟಿರುವುದು ನಿನ್ನದು.

ಡಾಕ್ಟರು, "ಸ್ವಲ್ಪ ಭಾರ ಎತ್ತಿ, ಮೂಳೆಗೆ ಒಳ್ಳೇದು" ಅಂದರು. ನೀನು ನನ್ನ ಹೊಲಿಗೆ ಅಂಗಡಿಯ ಕಬ್ಬಿಣದ ಇಸ್ತ್ರಿ ಪೆಟ್ಟಿಗೆಯನ್ನು, "ನಿನಗೆ ಭಾರ ಆಗುತ್ತೆ" ಅಂತ ಹೊತ್ತುಕೊಂಡು ಹೋದೆ. ಬದಲಿಗೆ ವ್ಯಾಯಾಮಕ್ಕೆಂದು ಗುಲಾಬಿ ಬಣ್ಣದ ಎರಡು ಡಂಬೆಲ್ ತಂದಿಟ್ಟೆ. ಅವನ್ನು ಎತ್ತಿ ಇಳಿಸಿದರೆ ಪ್ಯಾಂಟಿಗೆ ಗೆರೆ ಕೂರುತ್ತದೆಯೇ? ಗಿರಾಕಿಗಳು ಸುಕ್ಕು ಬಟ್ಟೆ ಹಿಡಿದು ನನ್ನ ಮುಖ ನೋಡುತ್ತಾರೆ. ಶನಿವಾರ ಬರುವಾಗ ಪೆಟ್ಟಿಗೆ ತಾ.

ಇನ್ನೊಂದು ಮಾತು. ಮೂಳೆಯ ರಿಪೋರ್ಟ್ ಬಂದ ಮೇಲೆ ನೀನು ನನ್ನನ್ನು ಅಪ್ಪಿಕೊಳ್ಳುವುದನ್ನೇ ಬಿಟ್ಟಿದ್ದೀಯ. ಗಾಜಿನ ಸಾಮಾನು ಮುಟ್ಟಿದ ಹಾಗೆ ಭುಜ ಮುಟ್ಟಿ ಸರಿದುಬಿಡುತ್ತೀಯ. ಈ ಸಲ ಗಟ್ಟಿಯಾಗಿ ಹಿಡಿ. ನೋವಾದರೆ ನಾನೇ ಹೇಳುತ್ತೇನೆ.

ಇನ್ನೂ ನೆಟ್ಟಗೇ ಕೂತಿರುವ
ನಿನ್ನ ಅಮ್ಮ